ಜಪಮಾಲೆ ಹಿಡಿದು ಹಿಮಾಲಯ ದಾಟಿದ ಮೇಷ್ಟ್ರು

ಹೋದ ತಿಂಗಳು ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹದ್ದುಬಸ್ತು ಅಳತೆ ಇತ್ತು. ಅಣ್ಣತಮ್ಮಂದಿರ ನಡುವೆ ಒಂದು ಬದುವಿನ ಜಗಳ. ಎಂಟು ವರ್ಷದಿಂದ ಮಾತುಕತೆ ಇಲ್ಲ, ಮದುವೆ ಮುಂಜಿಗೂ ಹೋಗಿ ಬರುವುದಿಲ್ಲ. ಮೋಜಿಣಿದಾರರು ಬಂದು ಮೂರು ಕಾಲಿನ ಯಂತ್ರ ನಿಲ್ಲಿಸಿ, ಅತ್ತ ಒಬ್ಬ ಹುಡುಗನ ಕೈಗೆ ಕೋಲು ಕೊಟ್ಟು ಅಳೆಯುತ್ತಿದ್ದರು. ಸುದ್ದಿಗೆಂದು ಹೋಗಿದ್ದ ನಾವು ಹುಣಸೆ ಮರದ ನೆರಳಲ್ಲಿ ನಿಂತಿದ್ದೆವು. ಪಕ್ಕದಲ್ಲೇ ಕೂತಿದ್ದ ಅಜ್ಜ ಒಬ್ಬರು ಎದ್ದು ಪಂಚೆ ಎತ್ತಿ ಕಟ್ಟಿ, ಮರದ ಬುಡದಿಂದ ಗಡಿಕಲ್ಲಿನ ತನಕ ನಡೆದು ವಾಪಸ್ ಬಂದರು.

"ನೂರಾ ನಲವತ್ತು ಹೆಜ್ಜೆ ಕಣಪ್ಪಾ. ನಮ್ಮಪ್ಪನೂ ಅಷ್ಟೇ ಅಂತಿದ್ದ. ನಿಮ್ಮ ಮಷೀನು ಏನಂತೈತೆ ಕೇಳು" ಅಂದರು.

ಕೇಳಿದೆವು. ಯಂತ್ರದ ಲೆಕ್ಕಕ್ಕೂ ಅಜ್ಜನ ಲೆಕ್ಕಕ್ಕೂ ಇದ್ದ ವ್ಯತ್ಯಾಸ ಒಂದೇ ಹೆಜ್ಜೆ. ಜಗಳ ಬಗೆಹರಿಯಲಿಲ್ಲ, ಅದು ಬೇರೆ ಮಾತು. ಆದರೆ ಆವತ್ತು ಬಸ್ಸಿನಲ್ಲಿ ಬರುತ್ತಾ ನಮಗೆ ನೆನಪಾದದ್ದು ಇನ್ನೊಬ್ಬರು. ಅವರೂ ಹಳ್ಳಿಯವರೇ, ಶಾಲಾ ಮೇಷ್ಟ್ರು. ಹೀಗೇ ಹೆಜ್ಜೆ ಎಣಿಸಿಕೊಂಡು ಹಿಮಾಲಯದ ಕಣಿವೆದಾರಿಗಳನ್ನು ದಾಟಿ, ಯಾರೂ ಅಳೆಯದಿದ್ದ ಟಿಬೆಟ್ಟನ್ನು ಅಳೆದು ಬಂದವರು. ಹೆಸರು ನೈನ್ ಸಿಂಗ್ ರಾವತ್.

ಈಗಿನ ಉತ್ತರಾಖಂಡದಲ್ಲಿ, ಮುನ್ಸ್ಯಾರಿಯಿಂದ ಮೇಲಕ್ಕೆ ಜೋಹಾರ್ ಎಂಬ ಕಣಿವೆ ಇದೆ. ಅದರ ಕೊನೆಯ ಊರು ಮಿಲಮ್. ನೈನ್ ಸಿಂಗ್ ಹುಟ್ಟಿದ್ದು 1830ರಲ್ಲಿ, ಆ ಊರಿನಲ್ಲಿ. ಅಲ್ಲಿನ ಜನ ಶೌಕಾಗಳು. ಬೇಸಾಯ ಅಷ್ಟಕ್ಕಷ್ಟೆ, ವ್ಯಾಪಾರವೇ ಬದುಕು. ಬೇಸಿಗೆಯಲ್ಲಿ ಇಲ್ಲಿನ ದವಸ, ಬೆಲ್ಲ, ಬಟ್ಟೆಯನ್ನು ಕುರಿ ಮೇಕೆಗಳ ಬೆನ್ನಿಗೆ ಹೇರಿಕೊಂಡು ಟಿಬೆಟ್ಟಿಗೆ ಹೋಗಿ, ಅಲ್ಲಿನ ಉಪ್ಪು, ಉಣ್ಣೆ, ಬೊರಾಕ್ಸ್ ತರುತ್ತಿದ್ದರು. ಚಳಿಗಾಲ ಬಂತೆಂದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೆಳಗಿನ ಊರುಗಳಿಗೆ ಇಳಿಯುತ್ತಿತ್ತು.

ಮಿಲಮ್‌ನಿಂದ ಟಿಬೆಟ್ಟಿಗೆ ಹೋಗಬೇಕೆಂದರೆ ಒಂದಲ್ಲ, ಸಾಲಾಗಿ ಮೂರು ಕಣಿವೆದಾರಿ ದಾಟಬೇಕು. ಊಂಟಾ ಧುರಾ, ಜಯಂತಿ, ಕುಂಗ್ರಿ ಬಿಂಗ್ರಿ. ಮೂರೂ 5,000 ಮೀಟರಿಗಿಂತ ಎತ್ತರ. ನಡುವೆ ತಂಗೋಣ ಅಂದರೆ ಉರಿಸಲು ಕಡ್ಡಿ ಇಲ್ಲ, ಕುರಿಗೆ ಹುಲ್ಲಿಲ್ಲ. ಹಾಗಾಗಿ ಮೂರನ್ನೂ ಒಂದೇ ದಮ್ಮಿಗೆ ದಾಟಿಬಿಡುವುದು ಅಲ್ಲಿನ ವಾಡಿಕೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಮೂರು ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದು ಇಟ್ಟರೆ ಎಷ್ಟೋ, ಹೆಚ್ಚುಕಮ್ಮಿ ಅಷ್ಟು ಎತ್ತರದಲ್ಲಿ ಅವರ ಸಂತೆ ದಾರಿ. ಅಲ್ಲಿ ಒಂದು ಉಸಿರಿಗೆ ಸಿಗುವ ಪ್ರಾಣವಾಯು ನಮಗಿಲ್ಲಿ ಸಿಗುವುದರ ಅರ್ಧದಷ್ಟು.

ಈಗ ಬೆಂಗಳೂರಿನ ಹುಡುಗ ಹುಡುಗಿಯರು ಬೆನ್ನಿಗೆ ದೊಡ್ಡ ಬ್ಯಾಗು ಏರಿಸಿಕೊಂಡು ಹಿಮಾಲಯಕ್ಕೆ ಚಾರಣ ಹೋಗುತ್ತಾರೆ, ಸ್ಟೇಟಸ್‌ನಲ್ಲಿ ಫೋಟೋ ಹಾಕುತ್ತಾರೆ. ತಪ್ಪೇನಿಲ್ಲ, ನಮ್ಮಲ್ಲೂ ಇಬ್ಬರು ಹೋಗಿ ಬಂದಿದ್ದಾರೆ. ಆ ಇಬ್ಬರ ಮಾತು ಕೇಳಿ: 4,000 ಮೀಟರ್ ದಾಟಿದ ಮೇಲೆ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು, ತಲೆ ಸಿಡಿಯುತ್ತದೆ, ಊಟ ಸೇರುವುದಿಲ್ಲ, ಷೂ ಲೇಸು ಕಟ್ಟಲು ಬಗ್ಗಿದರೂ ಏದುಸಿರು. ಅಂಥ ಜಾಗದಲ್ಲಿ ಬೆನ್ನ ಮೇಲೆ ಹೊರೆ ಇಟ್ಟುಕೊಂಡು, ಹೆಜ್ಜೆಯ ಲೆಕ್ಕ ತಪ್ಪದಂತೆ ನಡೆಯಬೇಕು. ಯಾರಾದರೂ ಎದುರು ಬಂದರೆ ಮುಖದಲ್ಲಿ ಏನೂ ತೋರಿಸಬಾರದು.

ಇಂಥ ಕೆಲಸ ಯಾಕೆ ಬೇಕಾಯಿತು ಅನ್ನುವುದಕ್ಕೆ ನಮ್ಮ ನೆಲದಿಂದಲೇ ಶುರು ಮಾಡಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಸತ್ತರು. ಆ ಯುದ್ಧದಲ್ಲಿ ಇಂಗ್ಲಿಷರ ಕಡೆ ಇದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೈನಿಕ ಅಧಿಕಾರಿ, ಗೆದ್ದ ನಾಡನ್ನು ಅಳೆಯಬೇಕು ಎಂದು ಮೇಲಿನವರನ್ನು ಒಪ್ಪಿಸಿದ. 1800ರಲ್ಲಿ ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ನೆಲದ ಮೇಲೆ ಒಂದು ನೇರ ಗೆರೆ ಅಳೆದ. ಆ ಗೆರೆಯ ಎರಡು ತುದಿಯಿಂದ ದೂರದ ಒಂದು ಗುಡ್ಡ ನೋಡಿ ಕೋನ ಹಿಡಿದರೆ ತ್ರಿಕೋನವಾಯಿತು. ಆ ತ್ರಿಕೋನದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. 1802ರಲ್ಲಿ ಮದ್ರಾಸಿನಲ್ಲಿ ಮತ್ತೆ ಗೆರೆ ಅಳೆದು ದೊಡ್ಡದಾಗಿ ಕೆಲಸ ಶುರುವಾಯಿತು. ಅದೇ ಭಾರತದ ಮಹಾ ತ್ರಿಕೋನ ಸರ್ವೆ. ನಮ್ಮ ಎಷ್ಟೋ ಬೆಟ್ಟಗಳ ನೆತ್ತಿಯ ಮೇಲೆ ಆ ಸರ್ವೆಯವರ ಕಲ್ಲುಗಳಿವೆ.

ಹೀಗೆ ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತಾ ಅವರು ಹಿಮಾಲಯ ಮುಟ್ಟಿದರು. ಅಲ್ಲಿಗೆ ಗಾಡಿ ನಿಂತಿತು. ಆಚೆ ಟಿಬೆಟ್. ಪರದೇಶದವರಿಗೆ ಅಲ್ಲಿ ಪ್ರವೇಶ ಇಲ್ಲ. ಬಿಳಿಯ ಮುಖ ಕಂಡರೆ ಗಡಿಯಲ್ಲೇ ತಡೆಯುತ್ತಿದ್ದರು. ಇಂಗ್ಲಿಷರ ನಕ್ಷೆಯಲ್ಲಿ ಟಿಬೆಟ್ ಎಂದರೆ ಬರೀ ಖಾಲಿ ಕಾಗದ. ರಾಜಧಾನಿ ಲ್ಹಾಸಾ ಸರಿಯಾಗಿ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಆ ಕಡೆಯಿಂದ ರಷ್ಯಾದವರು ಇಳಿದು ಬರುತ್ತಿದ್ದಾರೆ ಎಂಬ ಹೆದರಿಕೆ ಬೇರೆ.

ಸರ್ವೆಯಲ್ಲಿದ್ದ ಥಾಮಸ್ ಮಾಂಟ್‌ಗೊಮರಿ ಎಂಬ ಅಧಿಕಾರಿ ಲಡಾಖ್ ಕಡೆ ಕೆಲಸ ಮಾಡುವಾಗ ಒಂದು ಗಮನಿಸಿದ್ದ. ತನ್ನಂಥವರಿಗೆ ಮುಚ್ಚಿದ ಗಡಿ, ವ್ಯಾಪಾರಿಗಳಿಗೂ ಯಾತ್ರಿಕರಿಗೂ ತೆರೆದೇ ಇದೆ. ಹಾಗಿದ್ದ ಮೇಲೆ ಅವರಲ್ಲೇ ಒಬ್ಬರಿಗೆ ಅಳೆಯುವುದು ಕಲಿಸಿ ಕಳಿಸಿದರೆ? ಮೊದಲು 1863ರಲ್ಲಿ ಅಬ್ದುಲ್ ಹಮೀದ್ ಎಂಬ ಮುನ್ಷಿಯನ್ನು ಕಾರಾಕೋರಂ ಕಣಿವೆದಾರಿಯ ಮೇಲೆ ಯಾರ್ಕಂದಿಗೆ ಕಳಿಸಿದರು. ಅವರು ಕೆಲಸ ಮುಗಿಸಿದರು. ವಾಪಸ್ ಬರುವಾಗ ದಾರಿಯಲ್ಲೇ ತೀರಿಕೊಂಡರು. ಅವರು ಬರೆದಿಟ್ಟ ಕಾಗದಗಳು ಮಾತ್ರ ಭಾರತಕ್ಕೆ ಬಂದವು. ಯೋಜನೆ ಯಶಸ್ವಿ ಎಂದು ಲೆಕ್ಕ ಹಾಕಲಾಯಿತು. ಇಂಥ ಲೆಕ್ಕಗಳನ್ನು ಹಾಕುವವರು ಯಾವಾಗಲೂ ಬೆಟ್ಟದ ಕೆಳಗೆ ಕೂತಿರುತ್ತಾರೆ.

ಅದೇ ಹೊತ್ತಿಗೆ ಮಿಲಮ್ ಶಾಲೆಯ ಮೇಷ್ಟ್ರ ಹೆಸರು ಮಾಂಟ್‌ಗೊಮರಿಯ ಕಿವಿಗೆ ಬಿತ್ತು. ನೈನ್ ಸಿಂಗ್‌ಗೆ ಟಿಬೆಟ್ ಭಾಷೆ ಬರುತ್ತಿತ್ತು. 1855ರಿಂದ ಸುಮಾರು ಎರಡು ವರ್ಷ ಶ್ಲಾಗಿನ್‌ಟ್ವೈಟ್ ಎಂಬ ಜರ್ಮನ್ ಅಣ್ಣತಮ್ಮಂದಿರ ಜೊತೆ ಮಾನಸ ಸರೋವರ, ಲಡಾಖ್ ಸುತ್ತಿ ಅಳತೆಯ ಉಪಕರಣಗಳನ್ನೂ ನೋಡಿದ್ದರು. ಓದು ಬರಹ ಗಟ್ಟಿ ಇತ್ತು. 1863ರಲ್ಲಿ ಅವರನ್ನೂ ಸೋದರ ಸಂಬಂಧಿ ಮಾನಿ ಸಿಂಗರನ್ನೂ ಡೆಹ್ರಾಡೂನಿಗೆ ಕರೆಸಿದರು. ತಿಂಗಳಿಗೆ 20 ರೂಪಾಯಿ ಸಂಬಳ. ಸುಮಾರು ಎರಡು ವರ್ಷ ತರಬೇತಿ.

ಏನು ತರಬೇತಿ? ಮೊದಲು, ನಡೆಯುವುದು. ಮೂವತ್ತು ದಾಟಿದ, ಹುಟ್ಟಿದಾಗಿನಿಂದ ಬೆಟ್ಟ ಹತ್ತಿದ ಮನುಷ್ಯನಿಗೆ ಮತ್ತೆ ನಡೆಯುವುದನ್ನು ಕಲಿಸಿದರು. ಏರಿರಲಿ, ಇಳಿಜಾರಿರಲಿ, ಸಮತಟ್ಟಿರಲಿ, ಹೆಜ್ಜೆಯ ಉದ್ದ ಒಂದೇ ಇರಬೇಕು. ಸುಮಾರು 2,000 ಹೆಜ್ಜೆಗೆ ಒಂದು ಮೈಲಿ. ನೀವೇ ಮನೆಯಿಂದ ಬಸ್ ಸ್ಟ್ಯಾಂಡಿನ ತನಕ ಒಂದು ಸಲ ಎಣಿಸಿ ನೋಡಿ. ಇನ್ನೂರಕ್ಕೆ ಬರುವಷ್ಟರಲ್ಲಿ ಯಾರೋ ಮಾತಾಡಿಸುತ್ತಾರೆ, ಲೆಕ್ಕ ತಪ್ಪುತ್ತದೆ.

ಲೆಕ್ಕ ತಪ್ಪದಿರಲಿ ಎಂದೇ ಕೈಗೆ ಜಪಮಾಲೆ ಬಂತು. ಜಪಮಾಲೆಯಲ್ಲಿ 108 ಮಣಿ ಇರುತ್ತವೆ, ನಮಗೆಲ್ಲ ಗೊತ್ತು. ಇವರದ್ದರಲ್ಲಿ ಇದ್ದದ್ದು 100. ಯಾರು ಕೂತು ಎಣಿಸುತ್ತಾರೆ? ನೂರು ಹೆಜ್ಜೆಗೆ ಒಂದು ಮಣಿ ಜಾರಿಸಬೇಕು. ಮಾಲೆ ಒಂದು ಸುತ್ತು ಬಂದರೆ 10,000 ಹೆಜ್ಜೆ, ಅಂದರೆ ಐದು ಮೈಲಿ. ಟಿಬೆಟ್ಟಿನ ಬೌದ್ಧರು ಕೈಯಲ್ಲಿ ತಿರುಗಿಸುತ್ತಾ ಹೋಗುವ ಪ್ರಾರ್ಥನಾ ಚಕ್ರದೊಳಗೆ ಮಂತ್ರ ಬರೆದ ಸುರುಳಿ ಇರುತ್ತದೆ. ಇವರ ಚಕ್ರದಲ್ಲಿ ಇದ್ದದ್ದು ದೂರ, ದಿಕ್ಕು ಗುರುತು ಹಾಕಿದ ಚೀಟಿಗಳು ಮತ್ತು ದಿಕ್ಸೂಚಿ. ದಾರಿಯಲ್ಲಿ ಯಾರಾದರೂ ಮಾತಿಗೆ ಬಂದರೆ ಜಪ ಜೋರು ಮಾಡಿ ಚಕ್ರ ತಿರುಗಿಸಿದರೆ ಸಾಕು. ಧ್ಯಾನದಲ್ಲಿರುವವರನ್ನು ಯಾರೂ ಮಾತಾಡಿಸುವುದಿಲ್ಲ.

ಪೆಟ್ಟಿಗೆಯ ಕಳ್ಳ ತಳದಲ್ಲಿ ನಕ್ಷತ್ರದ ಎತ್ತರ ಅಳೆಯುವ ಸೆಕ್ಸ್‌ಟಂಟ್. ಅದಕ್ಕೆ ಅಲುಗದ ಸಮತಟ್ಟು ಕನ್ನಡಿಯಂಥದ್ದು ಬೇಕು. ಪಾದರಸವನ್ನು ಕವಡೆಯೊಳಗೆ ತುಂಬಿ ಮೇಣ ಮೆತ್ತಿ ಒಯ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಊಟದ ಬಟ್ಟಲಿಗೆ ಸುರಿದರೆ ಅದೇ ಕನ್ನಡಿ. ನಡೆಯುವ ಕೋಲಿನೊಳಗೆ ಥರ್ಮಾಮೀಟರ್.

ಥರ್ಮಾಮೀಟರ್ ಯಾಕೆ ಅಂತೀರಾ? ಜ್ವರ ನೋಡಲಿಕ್ಕಲ್ಲ. ಎತ್ತರ ಅಳೆಯಲಿಕ್ಕೆ. ಸಮುದ್ರದ ದಡದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಿ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. ಮುಳ್ಳಯ್ಯನಗಿರಿಯ ಮೇಲೆ 94ರ ಸುಮಾರಿಗೆ ಕುದಿ ಬರುತ್ತದೆ. 5,600 ಮೀಟರ್ ಎತ್ತರದಲ್ಲಿ 81ರ ಆಸುಪಾಸು. ಅಲ್ಲಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯುವುದಿಲ್ಲ ಎಂದು ಹೋದವರು ಹೇಳುವುದು ಇದಕ್ಕೇ. ಮೇಷ್ಟ್ರು ಚಹಾಕ್ಕೆ ನೀರು ಇಟ್ಟಂತೆ ಇಟ್ಟು, ಕುದಿ ಬಂದಾಗ ಕೋಲಿನಿಂದ ಥರ್ಮಾಮೀಟರ್ ತೆಗೆದು ಅದ್ದಿ ನೋಡುತ್ತಿದ್ದರು. ನೋಡಿದವರಿಗೆ ಅದು ಬರೀ ಅಡುಗೆ.

ಮೊದಲ ಪ್ರಯಾಣ 1865ರಲ್ಲಿ, ನೇಪಾಳದ ಕಡೆಯಿಂದ. ಕಿರೋಂಗ್ ಎಂಬಲ್ಲಿ ಗಡಿಯ ಅಧಿಕಾರಿ ಅನುಮಾನಪಟ್ಟು ವಾಪಸ್ ಕಳಿಸಿದ. ಮಾನಿ ಸಿಂಗ್ ಊರ ದಾರಿ ಹಿಡಿದರು. ನೈನ್ ಸಿಂಗ್ ಬಿಡಲಿಲ್ಲ. ಲಡಾಖಿ ವೇಷ ಹಾಕಿ, ಸುಳ್ಳು ಜಡೆ ಕಟ್ಟಿಕೊಂಡು ಬೇರೆ ದಾರಿಯಲ್ಲಿ ನುಗ್ಗಿದರು. ನಂಬಿದ ಒಬ್ಬ ವ್ಯಾಪಾರಿ ಮೋಸ ಮಾಡಿದ. ಕೈಯಲ್ಲಿ ಕಾಸಿಲ್ಲದೆ ಶಿಗಾತ್ಸೆಯಲ್ಲಿ ನೇಪಾಳಿ ವರ್ತಕರಿಗೆ ಲೆಕ್ಕ ಬರೆಯುವುದು ಹೇಳಿಕೊಟ್ಟು ಹೊಟ್ಟೆ ಹೊರೆದರು. ಎಲ್ಲಿ ಹೋದರೂ ಮೇಷ್ಟ್ರ ಕಸುಬು ಕೈ ಬಿಡಲಿಲ್ಲ.

1866ರ ಜನವರಿಯಲ್ಲಿ ಲ್ಹಾಸಾ ಮುಟ್ಟಿದರು. ಮೂರು ತಿಂಗಳಿಗೂ ಹೆಚ್ಚು ಕಾಲ ಅಲ್ಲಿದ್ದರು. ಅಪ್ಪಣೆಯಿಲ್ಲದೆ ಊರಿಗೆ ಬಂದ ಚೀನೀಯನೊಬ್ಬನ ತಲೆಯನ್ನು ನಡುಬೀದಿಯಲ್ಲಿ ಕಡಿದದ್ದನ್ನು ಕಣ್ಣಾರೆ ನೋಡಿದರು. ಇನ್ನೊಂದು ದಿನ ಕಿರೋಂಗಿನಲ್ಲಿ ತಡೆದಿದ್ದ ಅಧಿಕಾರಿಯೇ ಬೀದಿಯಲ್ಲಿ ಕಂಡ. ಅಲ್ಲಿಂದ ಮುಂದೆ ಮನೆಯಿಂದ ಹೊರಗೆ ಕಾಲಿಡುವುದೇ ಕಡಿಮೆಯಾಯಿತು. ಆದರೂ ರಾತ್ರಿ ಕಿಟಕಿಯಿಂದ ನಕ್ಷತ್ರ ನೋಡುವುದನ್ನು ಬಿಡಲಿಲ್ಲ. ಲ್ಹಾಸಾ ಭೂಮಿಯ ಮೇಲೆ ಎಷ್ಟು ಉತ್ತರಕ್ಕಿದೆ ಎಂದು ಅವರು ಲೆಕ್ಕ ಹಾಕಿದ ಅಕ್ಷಾಂಶ ಇವತ್ತಿನ ಉಪಗ್ರಹದ ಲೆಕ್ಕಕ್ಕೆ ಬಹುತೇಕ ಸರಿಹೋಗುತ್ತದೆ. ಆ ಒಂದು ಪ್ರಯಾಣದಲ್ಲಿ ಅಳೆದ ದಾರಿ 1,200 ಮೈಲಿ. ಹೆಜ್ಜೆಯ ಲೆಕ್ಕದಲ್ಲಿ ಸುಮಾರು 25 ಲಕ್ಷ.

ನಮಗೆ ಹೆಚ್ಚು ಇಷ್ಟವಾದದ್ದು ಎರಡನೆಯ ಪ್ರಯಾಣ. ಲ್ಹಾಸಾದ ಹೆಸರಿನ ಮುಂದೆ ಅದು ಮಂಕಾಗಿ, ಹೇಳುವವರು ಕಡಿಮೆ.

ಟಿಬೆಟ್ಟಿನ ಪಶ್ಚಿಮಕ್ಕೆ ಎಲ್ಲೋ ಚಿನ್ನದ ಗಣಿಗಳಿವೆ ಎಂದು ಮಿಲಮ್ ಕಡೆಯ ವ್ಯಾಪಾರಿಗಳು ಹೇಳುತ್ತಲೇ ಇದ್ದರು. ಕಂಡವರಿಲ್ಲ. ಅದನ್ನು ನೋಡಿ ಬರಲು 1867ರ ಮೇ ತಿಂಗಳಲ್ಲಿ ಮಸ್ಸೂರಿಯಿಂದ ಮೂವರು ಹೊರಟರು. ನೈನ್ ಸಿಂಗ್, ಮಾನಿ ಸಿಂಗ್, ಜೊತೆಗೆ ಸಹೋದರ ಕಲ್ಯಾಣ್ ಸಿಂಗ್. ಬಶಹರ್ ಸೀಮೆಯ ವ್ಯಾಪಾರಿಗಳ ವೇಷ. ಹೇರಲು ಕತ್ತೆಗಳು, ಮಾರಲು ಹವಳ.

ಈ ಸಲದ ದಾರಿ ಬದರಿನಾಥದ ಮೇಲೆ. ನಮ್ಮೂರುಗಳಿಂದ ಬದರಿಗೆ ಹೋಗಿ ಬಂದವರು ಅದರ ಪಕ್ಕದ ಮಾಣಾ ಎಂಬ ಹಳ್ಳಿಯನ್ನೂ ನೋಡಿರುತ್ತೀರಿ. ಅಲ್ಲಿಂದ ಸರಸ್ವತಿ ಹೊಳೆಯ ಪಕ್ಕ ಹಿಡಿದು ಮೇಲೆ ಮೇಲೆ ಹೋದರೆ ಮಾಣಾ ಕಣಿವೆದಾರಿ, 5,600 ಮೀಟರಿಗೂ ಸ್ವಲ್ಪ ಹೆಚ್ಚು. ಹಳೇ ದಾರಿ ಅದು. 1624ರಲ್ಲಿ ಅಂದ್ರಾದೆ ಎಂಬ ಪೋರ್ಚುಗೀಸ್ ಪಾದ್ರಿ ಯಾತ್ರಿಕರ ಗುಂಪಿನಲ್ಲಿ ಸೇರಿಕೊಂಡು ಅದೇ ಮೇಲ್ಗಡೆಯಿಂದ ಟಿಬೆಟ್ಟಿಗೆ ಹೋಗಿದ್ದರು. ಆ ಪಾದ್ರಿ ಕೊನೆಗೆ ತೀರಿಕೊಂಡದ್ದು ನಮ್ಮ ಪಕ್ಕದ ಗೋವಾದಲ್ಲಿ.

ಮೇಷ್ಟ್ರ ತಂಡ ಹೋದಾಗ ಕಣಿವೆದಾರಿ ಇನ್ನೂ ತೆರೆದಿರಲಿಲ್ಲ. ಹಿಮ ಕರಗಬೇಕು, ಜೊತೆಗೆ ಆಚೆ ಕಡೆಯ ಅಧಿಕಾರಿಗಳು ಆ ವರ್ಷ ಜನರನ್ನು ಬಿಡಲು ಒಪ್ಪಬೇಕು. ಈ ಕಡೆ ಸಿಡುಬು ಇದೆಯೇ, ಬರಗಾಲ ಇದೆಯೇ ಎಂದು ವಿಚಾರಿಸಿಯೇ ಅವರು ದಾರಿ ಬಿಡುತ್ತಿದ್ದದ್ದು. ಕಾದು ಕಾದು ಜುಲೈ ಕೊನೆಗೆ ದಾಟಿದರು. ಹಿಮದಲ್ಲಿ ಹೆಜ್ಜೆ ಹೂತುಹೋದರೆ ಉದ್ದ ಬದಲಾಗುತ್ತದೆ, ಕಲ್ಲುರಾಶಿಯಲ್ಲಿ ಜಿಗಿದರೆ ಬದಲಾಗುತ್ತದೆ, ದಮ್ಮು ಕಟ್ಟಿ ನಿಂತರೆ ಎಷ್ಟನೇ ಹೆಜ್ಜೆ ಎಂದು ಮರೆತುಹೋಗುತ್ತದೆ. ಇಷ್ಟರ ನಡುವೆ ಮಣಿ ಜಾರುತ್ತಲೇ ಇರಬೇಕು.

ಆಚೆ ಇಳಿದ ಮೇಲೆ ಸಟ್ಲೆಜ್ ನದಿ ದಾಟಿ ಬಯಲು. ಒಂದು ಬೀಡಿನ ಮುಖಂಡನಿಗೆ ಅನುಮಾನ ಬಂತು. ಬಶಹರಿನಲ್ಲಿ ಸಿಡುಬು ಎಂದು ಆ ವರ್ಷ ಅಲ್ಲಿನವರನ್ನೇ ಬಿಟ್ಟಿಲ್ಲ, ಹಾಗಿದ್ದ ಮೇಲೆ ನೀವೆಲ್ಲಿಯ ಬಶಹರಿಗಳು ಎಂದು ಹಿಡಿದ. ವೇಷ ಆರಿಸುವಾಗ ಡೆಹ್ರಾಡೂನಿನಲ್ಲಿ ಯಾರಿಗೂ ಹೊಳೆಯದೇ ಹೋದ ವಿಷಯ ಇದು. ಮಾತಿಗೆ ಮಾತು ಬೆಳೆದು, ಉಡುಗೊರೆ ಕೊಟ್ಟು, ಕೊನೆಗೆ ಮಾನಿ ಸಿಂಗರನ್ನು ಒತ್ತೆಯಾಗಿ ಅಲ್ಲೇ ಬಿಟ್ಟು ನೈನ್ ಸಿಂಗ್ ಮುಂದೆ ಹೋದರು. ಕಲ್ಯಾಣ್ ಸಿಂಗ್ ಸಿಂಧೂ ನದಿಯ ಕಡೆ ಹೊರಟರು.

ಆಗಸ್ಟ್ ಕೊನೆಯ ವಾರ ನೈನ್ ಸಿಂಗ್ ಥೋಕ್ ಜಾಲುಂಗ್ ಮುಟ್ಟಿದರು. ಸಮುದ್ರಮಟ್ಟದಿಂದ 16,000 ಅಡಿಗೂ ಎತ್ತರದ ಬೋಳು ಬಯಲು. ಕಿವಿಗೆ ಮೊದಲು ಬಿದ್ದದ್ದು ಹಾಡು. ಅಗೆಯುವವರೂ ಅವರ ಮನೆಯವರೂ ಒಟ್ಟಿಗೆ ಹಾಡುತ್ತಿದ್ದರು. ನೋಡಿದರೆ ನೆಲದ ಮೇಲೆ ಡೇರೆಗಳೇ ಕಾಣುವುದಿಲ್ಲ, ಗಾಳಿಯ ಹೊಡೆತಕ್ಕೆ ಏಳೆಂಟು ಅಡಿ ಗುಂಡಿ ತೋಡಿ ಅದರೊಳಗೆ ಡೇರೆ ಹಾಕಿದ್ದರು. ಗಣಿ ಎಂದರೆ ಸುಮಾರು ಒಂದು ಮೈಲಿ ಉದ್ದದ, 25 ಅಡಿ ಆಳದ ತೋಡು. ಉದ್ದ ಹಿಡಿಯ ಸನಿಕೆಯಲ್ಲಿ ಮಣ್ಣು ತೆಗೆದು, ನೀರು ಹರಿಸಿ ತೊಳೆದು ಚಿನ್ನ ಆಯುತ್ತಿದ್ದರು.

ಬೇಸಿಗೆಗಿಂತ ಚಳಿಗಾಲದಲ್ಲೇ ಅಲ್ಲಿ ಜನ ಹೆಚ್ಚು. ಬೇಸಿಗೆಯಲ್ಲಿ 300 ಡೇರೆ ಇದ್ದರೆ ಚಳಿಗಾಲದಲ್ಲಿ 600. ಯಾಕೆಂದರೆ ಮಣ್ಣು ಹೆಪ್ಪುಗಟ್ಟಿದಾಗ ಗೋಡೆ ಕುಸಿದು ಮೈಮೇಲೆ ಬೀಳುವುದಿಲ್ಲ. ಅಷ್ಟು ಚಳಿಯನ್ನು ಎಲ್ಲೂ ಅನುಭವಿಸಿರಲಿಲ್ಲ ಎಂದು ನೈನ್ ಸಿಂಗ್ ಹೇಳಿಕೊಂಡಿದ್ದಾರೆ, ಅದೂ ಆಗಸ್ಟ್ ತಿಂಗಳ ಮಾತು. ಅಲ್ಲಿನವರು ಉದ್ದಕ್ಕೆ ಮಲಗುತ್ತಿರಲಿಲ್ಲ. ಮಂಡಿ, ಮೊಣಕೈ ಊರಿ, ತಲೆ ತಗ್ಗಿಸಿ ಮುದುಡಿ, ಇರುವ ಬಟ್ಟೆಯನ್ನೆಲ್ಲ ಬೆನ್ನ ಮೇಲೆ ಹೇರಿಕೊಂಡು ನಿದ್ದೆ ಮಾಡುತ್ತಿದ್ದರು.

ಇದನ್ನು ಓದುವಾಗ ನಮಗೆ ಕೋಲಾರದ ಚಿನ್ನದ ಗಣಿ ನೆನಪಾಗದೆ ಇರಲಿಲ್ಲ. ನಮ್ಮಲ್ಲಿ ಯಂತ್ರದ ಗಣಿಗಾರಿಕೆ 1880ರ ದಶಕದಲ್ಲಿ ಶುರುವಾಗಿ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, 2001ರಲ್ಲಿ ಬಾಗಿಲು ಹಾಕಿತು. ಇಲ್ಲಿ ಬಿಸಿಗೆ ಬೆಂದರು, ಅಲ್ಲಿ ಚಳಿಗೆ ಮುದುಡಿದರು. ಚಿನ್ನ ಎರಡೂ ಕಡೆ ಬೇರೆಯವರ ಮನೆಗೆ ಹೋಯಿತು. ಥೋಕ್ ಜಾಲುಂಗಿನ ಗಣಿ ಮೇಲ್ವಿಚಾರಕ ಲ್ಹಾಸಾದವನು, ಚುರುಕು ಮನುಷ್ಯ. ಮೇಷ್ಟ್ರ ಪೆಟ್ಟಿಗೆಯ ಮೇಲೆ ಅವನಿಗೆ ಕಣ್ಣು ಬಿತ್ತು. ಇಷ್ಟು ಚೆಂದದ ಪೆಟ್ಟಿಗೆ ಸಣ್ಣ ವ್ಯಾಪಾರಿಯ ಕೈಯಲ್ಲಿ ಯಾಕೆ? ಹವಳ ಕೊಟ್ಟು ಅವನನ್ನು ಸಮಾಧಾನ ಮಾಡಿ, ಕೆಲವೇ ದಿನಗಳಲ್ಲಿ ನೋಡುವುದನ್ನೆಲ್ಲ ನೋಡಿ ನೈನ್ ಸಿಂಗ್ ಜಾಗ ಖಾಲಿ ಮಾಡಿದರು. ಚಳಿಗಾಲಕ್ಕೆ ಮುಂಚೆ ಮೂವರೂ ಭಾರತಕ್ಕೆ ಬಂದರು. ಸಿಂಧೂ ನದಿಯ ಮೇಲಿನ ಕವಲೊಂದು ಮೊದಲ ಸಲ ಸರ್ವೆಯವರ ನಕ್ಷೆಗೆ ಬಂತು.

ಕೊನೆಯ ದೊಡ್ಡ ನಡಿಗೆ 1874ರಲ್ಲಿ. ಜುಲೈನಲ್ಲಿ ಲಡಾಖಿನ ಲೇಹ್ ಪಟ್ಟಣದಿಂದ ಲಾಮಾ ವೇಷದಲ್ಲಿ ಹೊರಟು, ಟಿಬೆಟ್ಟಿನ ನಡುಬಯಲಲ್ಲಿ ಪೂರ್ವಕ್ಕೆ ಸಾಗಿ, ನವೆಂಬರಿನಲ್ಲಿ ಮತ್ತೆ ಲ್ಹಾಸಾ. ಸರಕು ಹೊತ್ತದ್ದು 26 ಕುರಿ. ಒಂದೊಂದರ ಬೆನ್ನ ಮೇಲೆ ಹತ್ತು ಕಿಲೋ ಆಸುಪಾಸು. ಕುರಿ ಸಾಕುವ ನಮ್ಮ ಓದುಗರು ಇದನ್ನು ಗಮನಿಸಬೇಕು: ಸಾವಿರ ಮೈಲಿ ಆ ಕುರಿಗಳಿಗೆ ಒಂದು ಹಿಡಿ ಕಾಳು ಹಾಕಿದ್ದಿಲ್ಲ, ದಾರಿಯಲ್ಲಿ ಸಿಕ್ಕ ಹುಲ್ಲೇ ಗತಿ. ಕೊನೆ ಮುಟ್ಟಿದ್ದು ನಾಲ್ಕೋ ಐದೋ. ಲ್ಹಾಸಾದಲ್ಲಿ ಗುರುತಿನ ವ್ಯಾಪಾರಿ ಒಬ್ಬ ಎದುರಾದ. ಎರಡೇ ದಿನದಲ್ಲಿ ಊರು ಬಿಟ್ಟು ದಕ್ಷಿಣಕ್ಕೆ ತಿರುಗಿದರು. ತವಾಂಗ್‌ನಲ್ಲಿ ಸುಮಾರು ಎರಡು ತಿಂಗಳು ತಡೆಹಿಡಿದರು. 1875ರ ಮಾರ್ಚ್ 1ರಂದು ಅಸ್ಸಾಮಿನ ಉದಲ್‌ಗುರಿಗೆ ಇಳಿದರು. 1,300 ಮೈಲಿಗೂ ಹೆಚ್ಚು ದಾರಿ, ಬಹುಪಾಲು ಯಾವ ನಕ್ಷೆಯಲ್ಲೂ ಇಲ್ಲದ್ದು.

ಇನ್ನು ಹೆಸರಿನ ವಿಷಯ. ಈ ಬರಹ ಬರೆಯಲು ನಾವು ಕೂತದ್ದೇ ಇದಕ್ಕೆ.

ಇಷ್ಟು ವರ್ಷ ನೈನ್ ಸಿಂಗ್ ಎಂಬ ಹೆಸರು ಎಲ್ಲೂ ಬರಲಿಲ್ಲ. ಸರ್ವೆ ಕಚೇರಿಯ ವರದಿಗಳಲ್ಲಿ ಅವರು 'ಪಂಡಿತ್', ಅಷ್ಟೆ. ಅವರ ಹಿಂದೆ ಬಂದ ಕಿಶನ್ ಸಿಂಗ್ ಬರೀ 'ಎ-ಕೆ'. ಗುಟ್ಟು ಬಯಲಾದರೆ ಅವರ ಜೀವಕ್ಕೇ ಅಪಾಯ ಎಂಬುದು ನಿಜ, ಒಪ್ಪುತ್ತೇವೆ. ಆದರೆ ವರದಿ ಓದಿದ್ದು, ಸಭೆಯಲ್ಲಿ ಚಪ್ಪಾಳೆ ತಗೊಂಡದ್ದು ಮಾಂಟ್‌ಗೊಮರಿ. ಅವನು ಟಿಬೆಟ್ಟಿನ ಕಣಿವೆದಾರಿ ದಾಟಿರಲಿಲ್ಲ. 1868ರಲ್ಲಿ ಲಂಡನ್ನಿನ ರಾಯಲ್ ಜಿಯೋಗ್ರಾಫಿಕಲ್ ಸೊಸೈಟಿ ಮೇಷ್ಟ್ರಿಗೆ ಚಿನ್ನದ ಗಡಿಯಾರ ಕೊಟ್ಟಿತು. ಮಾಂಟ್‌ಗೊಮರಿಗೆ ಅದಕ್ಕೂ ಮೂರು ವರ್ಷ ಮೊದಲೇ ಚಿನ್ನದ ಪದಕ ಬಂದಾಗಿತ್ತು.

ನಮ್ಮಲ್ಲೊಬ್ಬರದ್ದು ಒಂದು ಕತೆ ಇದೆ. ಕೆಲವು ವರ್ಷದ ಹಿಂದೆ ಹಳ್ಳ ಬಂದು ಒಂದು ಹಳ್ಳಿಗೆ ದಾರಿ ಕಡಿದಾಗ, ಎದೆಮಟ್ಟದ ನೀರಿನಲ್ಲಿ ಫೋನನ್ನು ಪ್ಲಾಸ್ಟಿಕ್ ಕವರಿಗೆ ಸುತ್ತಿ ತಲೆ ಮೇಲಿಟ್ಟುಕೊಂಡು ಹೋಗಿ ಸುದ್ದಿ, ಫೋಟೋ ತಂದರು. ಮಾರನೇ ದಿನ ಮುಖಪುಟದಲ್ಲಿ ಅದು ಬಂತು. ಮೇಲೆ ಇದ್ದ ಹೆಸರು ಪೇಟೆಯ ಕಚೇರಿಯಲ್ಲಿ ಕೂತಿದ್ದವರದ್ದು. ಇವರ ಹೆಸರಿನ ಜಾಗದಲ್ಲಿ 'ಸ್ಥಳೀಯ ಮಾಹಿತಿ'. ಯಾವ ಪತ್ರಿಕೆ ಎಂಬುದು ಬೇಡ. ತಾಲ್ಲೂಕು ಮಟ್ಟದಲ್ಲಿ ಸುದ್ದಿ ಕಳಿಸುವ ಯಾರನ್ನು ಕೇಳಿದರೂ ಇಂಥದ್ದೊಂದು ಹೇಳುತ್ತಾರೆ.

ಮೇಷ್ಟ್ರಿಗೆ ಕೊನೆಗಾದರೂ ಹೆಸರು ಸಿಕ್ಕಿತು. ಕೆಲಸದಿಂದ ಬಿಡುಗಡೆಯಾದ ಮೇಲೆ 1877ರಲ್ಲಿ ಅದೇ ಸೊಸೈಟಿ ಅವರಿಗೂ ಚಿನ್ನದ ಪದಕ ಕೊಟ್ಟಿತು. ಸರ್ಕಾರ ರೋಹಿಲ್‌ಖಂಡದಲ್ಲಿ ಜಹಗೀರು ಕೊಟ್ಟಿತು. ವರ್ಷಗಟ್ಟಲೆ ರಾತ್ರಿ ಹೊತ್ತು ಸೆಕ್ಸ್‌ಟಂಟಿನಲ್ಲಿ ನೋಡಿ ನೋಡಿ ಅಷ್ಟರಲ್ಲಿ ಕಣ್ಣು ಕೆಟ್ಟಿತ್ತು. ಆಮೇಲೆ ಮತ್ತೆ ಮೇಷ್ಟ್ರೇ ಆದರು, ಹೊಸಬರಿಗೆ ಹೆಜ್ಜೆ ಎಣಿಸುವುದು ಕಲಿಸಿದರು.

ಎಲ್ಲರಿಗೂ ಅಷ್ಟು ಸಿಗಲಿಲ್ಲ. ಕಿಂತುಪ್ ಎಂಬವರು ಡಾರ್ಜಿಲಿಂಗಿನಲ್ಲಿ ದರ್ಜಿ, ಓದು ಬರಹ ಬಾರದು. ಟಿಬೆಟ್ಟಿನ ತ್ಸಾಂಗ್‌ಪೋ ನದಿಯೇ ನಮ್ಮ ಬ್ರಹ್ಮಪುತ್ರವೇ ಎಂದು ತಿಳಿಯಲು 1880ರಲ್ಲಿ ಅವರನ್ನೂ ಒಬ್ಬ ಲಾಮಾನನ್ನೂ ಕಳಿಸಿದರು. ಆ ಲಾಮಾ ನಡುದಾರಿಯಲ್ಲಿ ಕಿಂತುಪ್‌ರನ್ನು ಜೀತಕ್ಕೆ ಮಾರಿ ಓಡಿಹೋದ. ಕಿಂತುಪ್ ಜೀತದಿಂದ ತಪ್ಪಿಸಿಕೊಂಡು, ಒಪ್ಪಿಕೊಂಡಿದ್ದ ಕೆಲಸ ಬಿಡದೆ, ಗುರುತು ಹಾಕಿದ 500 ಮರದ ತುಂಡುಗಳನ್ನು ದಿನಕ್ಕೆ 50ರಂತೆ ಹೊಳೆಗೆ ಬಿಟ್ಟರು. ಕೆಳಗೆ ಅಸ್ಸಾಮಿನಲ್ಲಿ ನೋಡುವವರು ಇರಬೇಕಿತ್ತು, ಯಾರೂ ಇರಲಿಲ್ಲ. ಅವರು ಕಳಿಸಿದ ಕಾಗದ ಮುಟ್ಟಲೇ ಇಲ್ಲ. ನಾಲ್ಕು ವರ್ಷ ಕಳೆದು ಬಂದು ಹೇಳಿದರೆ ನಂಬಿದವರು ಕಡಿಮೆ. ಅವರು ಹೇಳಿದ್ದು ಬಹುಪಾಲು ಸರಿ ಎಂದು ಗೊತ್ತಾದದ್ದು 1913ರಲ್ಲಿ, ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಹೋಗಿ ನೋಡಿದ ಮೇಲೆ.

ಇನ್ನೊಂದು ಮಾತು ಹೇಳದಿದ್ದರೆ ಅರ್ಧ ಹೇಳಿದಂತೆ. ನೈನ್ ಸಿಂಗ್ ಮಾಡಿದ್ದು ಬೇಹುಗಾರಿಕೆಯೂ ಹೌದು. ಯಾತ್ರಿಕ ಎಂದು ನಂಬಿ ಊಟ ಹಾಕಿದವರ, ಜಾಗ ಕೊಟ್ಟವರ ನಾಡನ್ನು ಅವರಿಗೆ ತಿಳಿಯದಂತೆ ಅಳೆದರು. 1904ರಲ್ಲಿ ಯಂಗ್‌ಹಸ್ಬೆಂಡ್‌ನ ಸೈನ್ಯ ಟಿಬೆಟ್ಟಿಗೆ ನುಗ್ಗಿ, ಗುರು ಎಂಬಲ್ಲಿ ನೂರಾರು ಟಿಬೆಟ್ಟಿಗರನ್ನು ಗುಂಡಿಟ್ಟು ಕೊಂದು ಲ್ಹಾಸಾ ಮುಟ್ಟಿತು. ಆ ಹೊತ್ತಿಗೆ ಟಿಬೆಟ್ ಇಂಗ್ಲಿಷರಿಗೆ ಖಾಲಿ ಕಾಗದವಾಗಿ ಉಳಿದಿರಲಿಲ್ಲ. 20 ರೂಪಾಯಿ ಸಂಬಳಕ್ಕೆ ಹೋದ ಮೇಷ್ಟ್ರನ್ನು ಅದಕ್ಕೆ ಹೊಣೆ ಮಾಡಬೇಕೇ ಎಂದು ನಮ್ಮೊಳಗೇ ವಾದವಾಯಿತು. ಒಬ್ಬರು ಮಾಡಲೇಬೇಕು ಅಂದರು. ಉಳಿದ ನಾವು ಹೆಜ್ಜೆ ಹಾಕಿದವನಿಗಿಂತ ಮೊದಲು ಹಾಕಿಸಿದವನನ್ನು ಕೇಳಬೇಕು ಅಂದೆವು. ಹೊಣೆ ಇಲ್ಲವೇ ಇಲ್ಲ ಎನ್ನಲು ಮಾತ್ರ ಯಾರಿಗೂ ಬಾಯಿ ಬರಲಿಲ್ಲ.

ಅಂಚೆ ಇಲಾಖೆ 2004ರಲ್ಲಿ ನೈನ್ ಸಿಂಗ್ ಚಿತ್ರದ ಅಂಚೆಚೀಟಿ ತಂದಿತು. ಅವರ ದಿನಚರಿಗಳು 2006ರಲ್ಲಿ ನೈನಿತಾಲಿನಿಂದ ಹಿಂದಿಯಲ್ಲಿ ಅಚ್ಚಾದವು. ಕನ್ನಡಕ್ಕೆ ಯಾರಾದರೂ ತಂದರೆ ಮೊದಲು ಕೊಂಡು ಓದುವವರು ನಾವು.

ಮಿಲಮ್ ಊರು? 1962ರಲ್ಲಿ ಚೀನಾ ಯುದ್ಧವಾಯಿತು, ಗಡಿ ಮುಚ್ಚಿತು, ಊಂಟಾ ಧುರಾದ ಮೇಲೆ ಕುರಿಹಿಂಡುಗಳ ವ್ಯಾಪಾರ ನಿಂತುಹೋಯಿತು. ಬದುಕು ಇಲ್ಲದ ಮೇಲೆ ಜನ ಮುನ್ಸ್ಯಾರಿ, ಹಲ್ದ್ವಾನಿ, ದೆಹಲಿ ಕಡೆ ಇಳಿದರು. ನೂರಾರು ಮನೆಗಳಿದ್ದ ಊರಿನಲ್ಲಿ ಈಗ ಹೆಚ್ಚಿನವು ಸೂರಿಲ್ಲದ ಕಲ್ಲುಗೋಡೆಗಳು. ಬೇಸಿಗೆಯಲ್ಲಿ ಕೆಲವು ಕುಟುಂಬಗಳು ಮಾತ್ರ ಮೇಲೆ ಬಂದು ಆಲೂಗಡ್ಡೆ ಹಾಕಿ, ಹಿಮ ಬೀಳುವ ಮುಂಚೆ ಬಾಗಿಲಿಗೆ ಬೀಗ ಹಾಕಿ ಇಳಿಯುತ್ತವೆ.